ಚಾವಣಿ ಕೆಲಸದ ಸಂಪಾದನೆ ಮತ್ತು ಮುಂದಿನ ದಾರಿ: ಲೆಕ್ಕ ಹಾಕುವ ಬಗೆ

ಚಾವಣಿ ಹೊದಿಸುವ ಕೆಲಸಕ್ಕೆ ಸೇರಬೇಕೆನ್ನುವವರು ಮೊದಲು ವಿಚಾರಿಸುವುದು ದಿನಗೂಲಿ ಎಷ್ಟೆಂದು. ಆದರೆ ಈ ಕಸುಬಿನ ಆದಾಯವನ್ನು ವರ್ಷದ ಲೆಕ್ಕದಲ್ಲಿ ನೋಡಬೇಕು. ಮಳೆ, ಬಿರುಗಾಳಿ ಅಥವಾ ಹಿಮ ಇರುವ ದಿನ ಮೇಲೆ ಹತ್ತುವಂತಿಲ್ಲ, ದಿನಗೂಲಿಯವರಿಗೆ ಹತ್ತದ ದಿನದ ಕೂಲಿ ಸಾಮಾನ್ಯವಾಗಿ ಸಿಗುವುದೂ ಇಲ್ಲ. ವರ್ಷದಲ್ಲಿ ನಿಜವಾಗಿ ಕೆಲಸ ಸಿಗುವ ದಿನಗಳೆಷ್ಟೆಂದು ಆ ಊರಿನ ಅನುಭವಿ ಮೇಸ್ತ್ರಿಗಳಿಂದ ತಿಳಿದುಕೊಂಡು, ಅದನ್ನು ದಿನಗೂಲಿಯಿಂದ ಗುಣಿಸಿ, ಓಡಾಟ, ಉಪಕರಣ ಮತ್ತು ವಿಮೆಯ ಖರ್ಚನ್ನು ಕಳೆದು, ಉಳಿದುದನ್ನು 12ರಿಂದ ಭಾಗಿಸಿ. ತಿಂಗಳ ಸಂಬಳದ ಬೇರೆ ಕೆಲಸದೊಂದಿಗೆ ಹೋಲಿಸಬೇಕಾದದ್ದು ಈ ಮೊತ್ತವನ್ನು.

ಚದರಡಿ ದರದ ಗುತ್ತಿಗೆಯಲ್ಲಿ ಕೈಚಳಕವಿರುವವರಿಗೆ ದಿನಗೂಲಿಗಿಂತ ಹೆಚ್ಚು ಗಿಟ್ಟುತ್ತದೆ, ಅಳತೆ ಸರಿಯಿದ್ದರೆ ಮಾತ್ರ. ಕಟ್ಟಡದ ನೆಲದಳತೆ 1000 ಚದರಡಿ ಇದ್ದು ಚಾವಣಿಯ ಇಳಿಜಾರು 30 ಡಿಗ್ರಿ ಇದ್ದರೆ ಹೊದಿಸಬೇಕಾದ ಮೇಲ್ಮೈ ಸುಮಾರು 1155 ಚದರಡಿಯಾಗುತ್ತದೆ. 45 ಡಿಗ್ರಿ ಇದ್ದರೆ 1414. ನೆಲದಳತೆಗೇ ದರ ಒಪ್ಪಿಕೊಂಡವರು ಎರಡನೆಯ ಚಾವಣಿಯಲ್ಲಿ 414 ಚದರಡಿಯನ್ನು ಪುಕ್ಕಟೆಯಾಗಿ ಹೊದಿಸಿದಂತೆ. ಅದೂ ಕಾಲು ನಿಲ್ಲದ, ಹಗ್ಗ ಕಟ್ಟಿಕೊಂಡು ನಿಧಾನವಾಗಿ ಮಾಡಬೇಕಾದ ಕೆಲಸದಲ್ಲಿ! ಆದ್ದರಿಂದ ದರ ಮಾತನಾಡುವ ಮೊದಲೇ ಅಳತೆ ಯಾವುದರದ್ದೆಂದು ಕೇಳಿ. ಹಳೆಯ ಹೊದಿಕೆ ಕಿತ್ತು ಸಾಗಿಸುವ ಕೂಲಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಸಹಾಯಕರಾಗಿ ಸಾಮಾನು ಹೊತ್ತು ಮೇಲೇರಿಸುವುದರಿಂದ ಕೆಲಸ ಆರಂಭವಾಗುತ್ತದೆ. ಹಲವು ದೇಶಗಳಲ್ಲಿ ಕೂಲಿ ಪಡೆಯುತ್ತಲೇ ಕಲಿಯುವ ಅಪ್ರೆಂಟಿಸ್ ವ್ಯವಸ್ಥೆಯಿದ್ದು, ಕಲಿಕೆ ಮುಂದುವರಿದಂತೆ ವೇತನವೂ ಏರುತ್ತದೆ. ಆದರೆ ಶೀಟು ಅಥವಾ ಹೆಂಚು ಕೂರಿಸುವುದಷ್ಟೇ ಗೊತ್ತಿರುವವರ ಕೂಲಿ ಬೇಗನೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಮುಂದಕ್ಕೆ ಒಯ್ಯುವ ವಿದ್ಯೆ ಸೋರಿಕೆ ಪತ್ತೆಹಚ್ಚುವುದು. ಒಳಗೆ ಕಲೆ ಕಂಡ ಜಾಗದ ನೇರ ಮೇಲೆಯೇ ತೂತಿರಬೇಕೆಂದಿಲ್ಲ. ನೀರು ಮರದ ತೊಲೆಯ ಗುಂಟ ಇಳಿದು ದೂರದಲ್ಲಿ ತೊಟ್ಟಿಕ್ಕುತ್ತದೆ. ಕಲೆಯಿಂದ ಇಳಿಜಾರಿನ ಮೇಲ್ಭಾಗಕ್ಕೆ ಹುಡುಕುತ್ತಾ, ಹೊಗೆಕೊಳವೆಯ ಬುಡ, ಪೈಪು ಹೊರಬಂದ ಜಾಗ, ಗೋಡೆ ಸೇರುವ ಅಂಚು ಮತ್ತು ಎರಡು ಇಳಿಜಾರುಗಳು ಕೂಡುವ ಸಂದುಗಳನ್ನು ಮೊದಲು ನೋಡಬೇಕು. ಆಗಲೂ ಸಿಗದಿದ್ದರೆ ಒಬ್ಬರನ್ನು ಒಳಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗಕ್ಕೆ ನೀರು ಬಿಟ್ಟು ಪರೀಕ್ಷಿಸಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಮಂಡಿ ಮತ್ತು ಸೊಂಟ ಈ ಕೆಲಸವನ್ನು ಕೊನೆಯವರೆಗೆ ಸಹಿಸುವುದು ಅಪರೂಪ; ಬೀಳುವ ಅಪಾಯವಂತೂ ಇದ್ದೇ ಇದೆ. ಸುರಕ್ಷತಾ ಬೆಲ್ಟು, ಹಗ್ಗ ಕೊಡದ ಕಡೆ ಹೆಚ್ಚಿನ ಕೂಲಿಗೂ ಹೋಗಬಾರದು. ದೇಹ ಗಟ್ಟಿಯಿರುವಾಗಲೇ ನಕ್ಷೆ ಓದುವುದು, ಸಾಮಗ್ರಿ ಮತ್ತು ವೆಚ್ಚದ ಅಂದಾಜು ತಯಾರಿಸುವುದನ್ನು ಕಲಿತವರಿಗೆ ಮೇಲ್ವಿಚಾರಣೆ, ತಪಾಸಣೆ ಅಥವಾ ತರಬೇತಿಯ ಕೆಲಸ ದೊರೆಯಬಹುದು. ಸೌರ ಫಲಕ ಕೂರಿಸುವ ಕೆಲಸಕ್ಕೂ ಈ ಅನುಭವ ನೆರವಾಗುತ್ತದೆ, ವಿದ್ಯುತ್ ಜೋಡಣೆ ಮಾತ್ರ ಅರ್ಹತೆಯಿದ್ದವರದ್ದು.

ಸ್ವಂತ ಗುತ್ತಿಗೆಗೆ ಇಳಿಯುವವರು ಸಾಮಗ್ರಿಗೆ ಸಾಲುವಷ್ಟು ಮುಂಗಡ, ಹಂತಹಂತದ ಪಾವತಿ ಮತ್ತು ಹೊದಿಕೆ ಕಿತ್ತ ಮೇಲೆ ಕೊಳೆತ ಮರ ಸಿಕ್ಕರೆ ಅದರ ಖರ್ಚು ಯಾರದೆಂಬುದನ್ನು ಕರಾರಿನಲ್ಲೇ ಬರೆಸಿಕೊಂಡು, ಆಮೇಲೆ ಏಣಿ ಹತ್ತಬೇಕು.