ಎರಕದ ಮನೆಯ ನೆಲಕ್ಕೆ ಒಗ್ಗುವ ಬೂಟು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೇಲ್ವಿಚಾರಕನಾಗಿರುವ ನನ್ನ ಹೆಗಲಿಗೆ, ಕೆಲಸಗಾರರಿಗೆ ಸೇಫ್ಟಿ ಬೂಟು ಆರಿಸಿ ತರಿಸುವ ಹೊಣೆಯೂ ಹಲವು ವರ್ಷಗಳಿಂದ ಬಿದ್ದಿದೆ. ಹೊಸ ಬೂಟಿನ ಮಾದರಿಗಳನ್ನು ಮೇಜಿನ ಮೇಲೆ ಸಾಲಾಗಿ ಇರಿಸಿಕೊಂಡು ನೋಡುವುದಕ್ಕಿಂತ ಮೊದಲು ನಾನು ಮಾಡುವ ಕೆಲಸವೆಂದರೆ, ಬಿಸಾಡಲು ಬಂದ ಹಳೆಯ ಬೂಟನ್ನು ವೈಸ್‌ಗೆ ಸಿಕ್ಕಿಸಿ, ಹಿಮ್ಮಡಿಯಿಂದ ಬೆರಳು ಕಾಯುವ ಗಟ್ಟಿ ಕವಚವಾದ ಟೋ ಕ್ಯಾಪಿನವರೆಗೆ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ನೋಡುವುದು. ಬೂಟು ಎಲ್ಲಿ ಸೋತಿತು ಎಂಬುದು ತಿಳಿಯದೆ ಮುಂದಿನ ಬೂಟನ್ನು ಆರಿಸಲು ಹೊರಟರೆ, ಅಂಗಡಿಯವನ ಮಾತು ಮತ್ತು ಚರ್ಮದ ಹೊಳಪು ಇವೆರಡನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಹೀಗೆ ಸೀಳಿದ ಬೂಟುಗಳಲ್ಲಿ ಮೇಲಿನ ಚರ್ಮ ಹರಿದು ಹಾಳಾದವು ನಾನು ನಿರೀಕ್ಷಿಸಿದ್ದಕ್ಕಿಂತ ತೀರಾ ಕಡಿಮೆ. ಎರಕದ ತುಂಡುಗಳ ಅಂಚು ತೀಡಿ ನಯಗೊಳಿಸುವ ಫೆಟ್ಲಿಂಗ್ ವಿಭಾಗದಲ್ಲಿ ದಿನವಿಡೀ ನಿಂತು ಗ್ರೈಂಡಿಂಗ್ ಮಾಡುವವರ ಬೂಟುಗಳಲ್ಲಿ ಹಿಮ್ಮಡಿಯ ಕೆಳಗಿನ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ನೊರೆ ಕುಸಿದು, ಅಂಗಾಲಿನ ನಡುಭಾಗದಲ್ಲಿ ಉಳಿದಿರುವ ದಪ್ಪಕ್ಕೂ ಅದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದಿರುತ್ತದೆ. ಹೊರಗಿನಿಂದ ಇನ್ನೂ ಗಟ್ಟಿಮುಟ್ಟಾಗಿ ಕಾಣುವ ಆ ಬೂಟು ಸಂಜೆಯ ಹೊತ್ತಿಗೆ ಸೊಂಟನೋವನ್ನು ಏಕೆ ಕೊಡುತ್ತಿತ್ತೆಂಬುದು ಆ ಸೀಳಿನಲ್ಲಿ ತಿಳಿಯುತ್ತದೆ. ಎರಕ ಹೊಯ್ಯುವವರ ಬೂಟುಗಳದು ಬೇರೆಯದೇ ಕಥೆ. ಅಲ್ಲಿ ಹೊಲಿಗೆಯ ದಾರ ಸುಟ್ಟು, ಅಟ್ಟೆ ಮತ್ತು ಚರ್ಮ ಕೂಡುವ ಅಂಚು ಬಾಯಿಬಿಟ್ಟಿರುತ್ತದೆ. ಮರಳಿನಲ್ಲಿ ಕೂತು ಅಚ್ಚು ಕಟ್ಟುವವರ ಬೂಟು ಬೆರಳು ಮಡಚುವ ಗೆರೆಯಲ್ಲಿ ಬಿರಿದಿರುತ್ತದೆ. ಒಂದೇ ಕಾರ್ಖಾನೆ, ಒಂದೇ ಮಾದರಿಯ ಬೂಟು, ಆದರೆ ಸೋಲುವ ಜಾಗ ವಿಭಾಗಕ್ಕೊಂದು. ಆದ್ದರಿಂದ ಎಲ್ಲರಿಗೂ ಒಂದೇ ಬೂಟು ಎಂಬ ಪದ್ಧತಿಯನ್ನು ಬಿಡಿಸಿ, ವಿಭಾಗವಾರು ತರಿಸಲು ಲೆಕ್ಕಪತ್ರದವರನ್ನು ಒಪ್ಪಿಸಬೇಕಾಯಿತು. ಅದಕ್ಕೆ ಹಿಡಿದ ಕಾಲ ಬೂಟು ಹುಡುಕಲು ಹಿಡಿದ ಕಾಲಕ್ಕಿಂತ ಹೆಚ್ಚು.

ಬೂಟಿನ ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಅಟ್ಟೆಯನ್ನು. ಕಾಲಿಗೂ ನೆಲಕ್ಕೂ ನಡುವೆ ಇರುವುದು ಅದೊಂದೇ, ಮತ್ತು ಫೌಂಡ್ರಿಯ ನೆಲ ಸಾಮಾನ್ಯ ನೆಲವಲ್ಲ. ಬೂದು ಎರಕದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವಾಗ ಅದರ ಉಷ್ಣತೆ 1,350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕರಗಿದ ಲೋಹ ಹೊಯ್ಯುವ ಪಾತ್ರೆಯಾದ ಲೇಡಲ್‌ನಿಂದ ಚಿಮ್ಮಿದ ಹನಿಗಳು, ನಾಕ್‌ಔಟ್‌ನಲ್ಲಿ ಅಚ್ಚು ಒಡೆದಾಗ ಹರಡುವ ಬಿಸಿ ಮರಳು, ಲೋಹ ಅಚ್ಚಿಗೆ ಹರಿಯುವ ಕಾಲುವೆಯಲ್ಲಿ ಗಟ್ಟಿಯಾಗಿ ಇನ್ನೂ ಆರದ ರನ್ನರ್ ತುಂಡುಗಳು, ಇವೆಲ್ಲದರ ಮೇಲೆ ಕೆಲಸಗಾರ ನಡೆಯಬೇಕು. ಹಗುರ, ಮೆತ್ತಗೆ ಎಂದು ಹೆಸರಾದ ಪಿಯು ಅಟ್ಟೆ ಪ್ಯಾಕಿಂಗ್ ವಿಭಾಗಕ್ಕೆ, ಯಂತ್ರಗಳ ಅಂಗಳಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಈ ನೆಲದಲ್ಲಿ ಅದು ಮೆತ್ತಗಾಗಿ ಹಳ್ಳ ಬೀಳುತ್ತದೆ. ಇಲ್ಲಿಗೆ ಬೇಕಾದದ್ದು ನೈಟ್ರೈಲ್ ರಬ್ಬರಿನ ಹೊರ ಅಟ್ಟೆ. ಬೂಟಿನ ಮೇಲೆ ಎಚ್‌ಆರ್‌ಒ ಎಂಬ ಗುರುತಿದ್ದರೆ, ಆ ಅಟ್ಟೆಯನ್ನು 300 ಡಿಗ್ರಿ ಬಿಸಿಯ ಲೋಹಕ್ಕೆ ಒಂದು ನಿಮಿಷ ತಾಗಿಸಿಟ್ಟು ಪರೀಕ್ಷಿಸಿದ್ದಾರೆ, ಅದು ಕರಗಿಲ್ಲ, ಬಗ್ಗಿಸಿದಾಗ ಬಿರಿದಿಲ್ಲ ಎಂದರ್ಥ. ಎಚ್‌ಐ ಎಂಬ ಇನ್ನೊಂದು ಗುರುತು ಇದಕ್ಕಿಂತ ಹೆಚ್ಚು ನಮ್ಮದು ಎನ್ನಿಸುತ್ತದೆ, ಏಕೆಂದರೆ ಅದರ ಪರೀಕ್ಷೆ ನಡೆಯುವುದೇ ಬಿಸಿ ಮರಳಿನ ಮೇಲೆ: 150 ಡಿಗ್ರಿಯ ಮರಳಿನಲ್ಲಿ ಅರ್ಧ ಗಂಟೆ ಇಟ್ಟರೂ ಬೂಟಿನೊಳಗಿನ ತಳದ ಉಷ್ಣತೆ 22 ಡಿಗ್ರಿಗಿಂತ ಹೆಚ್ಚು ಏರಬಾರದು. ಎರಕ ಹೊಯ್ಯುವವರಿಗೂ ನಾಕ್‌ಔಟ್‌ನವರಿಗೂ ಈ ಎರಡೂ ಗುರುತುಗಳಿಲ್ಲದ ಬೂಟನ್ನು ನಾನು ಒಪ್ಪುವುದಿಲ್ಲ.

ಬರೀ ರಬ್ಬರಿನ ಅಟ್ಟೆ ಭಾರ, ಮತ್ತು ಅದಕ್ಕೆ ಪುಟಿಯುವ ಗುಣ ಕಡಿಮೆ. ಹೊರಗೆ ನೈಟ್ರೈಲ್, ಒಳಪದರಕ್ಕೆ ಪಿಯು ಇರುವ ಜೋಡಿ ಅಟ್ಟೆ ಇದಕ್ಕೆ ನನಗೆ ಸಿಕ್ಕ ಉತ್ತರ. ಬೆಲೆ ಸಾದಾ ಪಿಯು ಬೂಟಿಗಿಂತ ಎರಡು ಪಟ್ಟು ಸಮೀಪಿಸುತ್ತದೆ, ಆದರೆ ಬಾಳಿಕೆಯ ಜೊತೆ ನೋವಿನ ದೂರುಗಳನ್ನೂ ಲೆಕ್ಕಕ್ಕೆ ಹಿಡಿದರೆ ಅದು ದುಬಾರಿಯಲ್ಲ. ಕೊಳ್ಳುವಾಗ ರಬ್ಬರು ಪಕ್ಕದ ಅಂಚಿಗೆ ಎಷ್ಟು ಎತ್ತರಕ್ಕೆ ಏರಿದೆ ಎಂಬುದನ್ನು ನೋಡಬೇಕು. ಕೆಳಗಷ್ಟೇ ತೆಳುವಾಗಿ ರಬ್ಬರು ಹಚ್ಚಿ, ಪಕ್ಕದಲ್ಲಿ ಪಿಯು ನೊರೆಯನ್ನು ತೆರೆದಿಟ್ಟ ಬೂಟಿನಲ್ಲಿ ಚಿಮ್ಮಿದ ಹನಿ ನೇರವಾಗಿ ಆ ನೊರೆಗೇ ಕೂರುತ್ತದೆ.

ಜಾರುವಿಕೆಯ ವಿಷಯದಲ್ಲಿ ಫೆಟ್ಲಿಂಗ್ ಅಂಗಳಕ್ಕೆ ತನ್ನದೇ ಪೀಡೆಯಿದೆ. ಉಕ್ಕಿನ ಗುಂಡುಗಳನ್ನು ರಭಸದಿಂದ ಎರಚಿ ಎರಕವನ್ನು ಶುಚಿಗೊಳಿಸುವ ಶಾಟ್ ಬ್ಲಾಸ್ಟಿಂಗ್ ಯಂತ್ರದಿಂದ ಸೋರುವ ರಾಗಿ ಕಾಳಿನಷ್ಟು ದಪ್ಪದ ಉಕ್ಕಿನ ಗುಂಡುಗಳು ಸಿಮೆಂಟಿನ ನೆಲದ ಮೇಲೆ ಹರಡಿಕೊಂಡರೆ, ಕಾಲಿಟ್ಟವನ ಕೆಳಗೆ ನೆಲವೇ ಉರುಳುತ್ತದೆ. ಬೂಟಿನ ಮೇಲೆ ನಮೂದಾಗುವ ಜಾರುನಿರೋಧದ ಪರೀಕ್ಷೆ ಸೋಪಿನ ನೀರು ಅಥವಾ ಗ್ಲಿಸರಿನ್ ಸವರಿದ ನುಣುಪು ನೆಲದ ಮೇಲೆ ನಡೆಯುವಂಥದ್ದು, ಗುಂಡುಗಳ ಮೇಲೆ ಅಲ್ಲ. ಅಟ್ಟೆಯ ತಳದ ತೋಡು ಕಿರಿದಾಗಿದ್ದರೆ ಗುಂಡುಗಳು ಅದರಲ್ಲಿ ಕಚ್ಚಿಕೊಂಡು ಅಟ್ಟೆ ಇನ್ನಷ್ಟು ನುಣುಪಾಗುತ್ತದೆ. ತೋಡು ಅಗಲವಾಗಿ, ಅಂಚಿನವರೆಗೆ ತೆರೆದುಕೊಂಡಿದ್ದರೆ ನಡೆಯುತ್ತಲೇ ಉದುರಿ ಹೋಗುತ್ತವೆ. ಅಷ್ಟಾದರೂ ದಿನಕ್ಕೆರಡು ಸಲ ಗುಡಿಸುವುದಕ್ಕೆ ಯಾವ ಅಟ್ಟೆಯೂ ಪರ್ಯಾಯವಲ್ಲ.

ಮೇಲ್ಭಾಗಕ್ಕೆ ದಪ್ಪನೆಯ ಎಮ್ಮೆ ಚರ್ಮವೇ ಬೇಕು. ಕ್ರೀಡಾ ಶೂಗಳಂತೆ ಕಾಣುವ, ಜಾಲರಿ ಬಟ್ಟೆಯ ಸೇಫ್ಟಿ ಶೂಗಳನ್ನು ಹುಡುಗರು ಬಹಳ ಇಷ್ಟಪಡುತ್ತಾರೆ, ಮತ್ತು ಬೇಸಿಗೆಯಲ್ಲಿ ಅವು ಹಿತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಕಾದ ಲೋಹ ತಾಗಿದರೆ ಆ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹೊಯ್ಯುವವರ ಬೂಟಿಗೆ ಲೇಸೂ ಬೇಡ. ಲೇಸಿನ ಸಂದಿಯಲ್ಲಿ ಬಿದ್ದ ಹನಿ ಅಲ್ಲೇ ತಂಗುತ್ತದೆ, ಆ ಕ್ಷಣದಲ್ಲಿ ಗಂಟು ಬಿಚ್ಚುತ್ತಾ ಕೂರಲು ಆಗುವುದಿಲ್ಲ. ಒಂದೇ ಎಳೆತಕ್ಕೆ ಕಳಚಿಕೊಳ್ಳುವ, ಹರಡಿನ ಮೇಲಕ್ಕೆ ಏರುವ ಬೂಟು, ಅದರ ಮೇಲೆ ಇಳಿಬಿಟ್ಟ ಪ್ಯಾಂಟು ಮತ್ತು ಲೆಗ್ ಗಾರ್ಡ್, ಇದು ನಮ್ಮಲ್ಲಿ ಈಗ ನಡೆದು ಬಂದಿರುವ ಕ್ರಮ. ಹೊಲಿಗೆಗೆ ಬಿಸಿ ತಾಳುವ ಅರಾಮಿಡ್ ದಾರ ಬಳಸಿದ ಬೂಟು ಸಿಕ್ಕರೆ ಬಿಡಬಾರದು, ಸಾದಾ ನೈಲಾನ್ ದಾರ ಬಿಸಿಗೆ ಮೊದಲು ಸೋಲುತ್ತದೆ. ಅಚ್ಚು ಕಟ್ಟುವವರು ಲೇಸಿನ ಬೂಟನ್ನೇ ಹಾಕಬಹುದು, ಆದರೆ ಅದರ ನಾಲಗೆ ಎರಡೂ ಬದಿಗೆ ಹೊಲಿದು ಮುಚ್ಚಿರಬೇಕು. ಇಲ್ಲದಿದ್ದರೆ ಬೆಂಟೊನೈಟ್ ಜೇಡಿ ಮತ್ತು ಕಲ್ಲಿದ್ದಲ ಪುಡಿ ಬೆರೆತ ಆ ಕರಿಮರಳು ಒಳನುಗ್ಗಿ, ಬೆವರಿಗೆ ಕೂಡಿ, ಬೆರಳ ಸಂದಿಯನ್ನು ಸವೆಸುತ್ತದೆ.

ಟೋ ಕ್ಯಾಪಿನ ವಿಷಯಕ್ಕೆ ಬರುವಾಗ ಹೆಚ್ಚಿನವರು ಉಕ್ಕೋ ಫೈಬರೋ ಎಂಬ ಚರ್ಚೆಯಲ್ಲಿ ಮುಳುಗುತ್ತಾರೆ. ನಾನು ನೋಡುವುದು ಬೂಟಿನ ಮೇಲಿನ ಮುದ್ರೆಯನ್ನು. ನಮ್ಮ ದೇಶದ ಮಾನಕ ಐಎಸ್ 15298. ಅದರ ಭಾಗ 2ರ ಬೂಟಿನ ಕ್ಯಾಪು 200 ಜೂಲ್ ಹೊಡೆತವನ್ನು, ಅಂದರೆ ಸುಮಾರು ಒಂದು ಮೀಟರ್ ಎತ್ತರದಿಂದ ಬೀಳುವ 20 ಕಿಲೋ ತೂಕವನ್ನು ತಾಳಬೇಕು. ಭಾಗ 3ರದು ಅದರ ಅರ್ಧ, 100 ಜೂಲ್ ಮಾತ್ರ. ಭಾಗ 4ರ ಬೂಟಿಗೆ ಕ್ಯಾಪಿನ ಕಡ್ಡಾಯವೇ ಇಲ್ಲ. ಮೂರೂ ಐಎಸ್‌ಐ ಗುರುತು ಹೊತ್ತು, ನೋಡಲು ಒಂದೇ ತೆರನಾಗಿ ಇರಬಹುದಾದ್ದರಿಂದ, ಬೆಲೆಪಟ್ಟಿಯಲ್ಲಿ ಅಗ್ಗವಾಗಿ ಕಂಡ ಬೂಟು ಯಾವ ಭಾಗದ್ದು ಎಂದು ಕೇಳಲೇಬೇಕು. ಹೊಡೆತ ತಾಳುವುದೆಂದರೆ ಕ್ಯಾಪು ಬಗ್ಗುವುದಿಲ್ಲವೆಂದಲ್ಲ. ಎಂಟನೇ ಸೈಜಿನ ಆಸುಪಾಸಿನ ಬೂಟಿನಲ್ಲಿ, ಹೊಡೆತದ ನಂತರ ಒಳಗೆ 14 ಮಿಲಿಮೀಟರ್ ಎತ್ತರ ಉಳಿದರೆ ಸಾಕೆನ್ನುತ್ತದೆ ಮಾನಕ. ಆ ಜಾಗದಲ್ಲಿ ಎರಡು ಜೊತೆ ಕಾಲುಚೀಲದ ದಪ್ಪವನ್ನು ತುರುಕಿಕೊಂಡವನು ತನ್ನ ಬೆರಳಿನ ಪಾಲನ್ನೇ ಕಳೆದುಕೊಂಡಂತೆ.

ಅಳತೆಯ ವಿಷಯವನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ತಾಳ್ಮೆಯಿಂದ ನೋಡುತ್ತೇನೆ, ಏಕೆಂದರೆ ಕಚ್ಚುವ ಬೂಟನ್ನು ಮನುಷ್ಯ ಊಟದ ಬಿಡುವಿನ ನಂತರ ಹಾಕಿಕೊಳ್ಳುವುದೇ ಇಲ್ಲ, ಹಿಮ್ಮಡಿಯನ್ನು ತುಳಿದು ಚಪ್ಪಲಿಯಂತೆ ಎಳೆದುಕೊಂಡು ತಿರುಗುತ್ತಾನೆ. ನಮ್ಮಲ್ಲಿಗೆ ಕೆಲಸಕ್ಕೆ ಬರುವವರಲ್ಲಿ ಅನೇಕರು ಅಥಣಿ, ನಿಪ್ಪಾಣಿ ಕಡೆಯ ಹಳ್ಳಿಗಳವರು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿ ತಯಾರಾಗುವ ಸೀಮೆ ಅದು, ಮತ್ತು ಚಿಕ್ಕಂದಿನಿಂದ ತೆರೆದ ಚಪ್ಪಲಿಯಲ್ಲೋ ಬರಿಗಾಲಲ್ಲೋ ನಡೆದ ಪಾದ ಮುಂಭಾಗದಲ್ಲಿ ಅಗಲವಾಗಿ, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತದೆ. ಏಳನೇ ಸೈಜಿನ ಉದ್ದದ ಕಾಲಿಗೆ ಏಳನೇ ಸೈಜಿನ ಬೂಟು ಬಿಗಿಯಾಗುತ್ತದೆಂದು ಎಂಟನ್ನು ಕೊಡುವುದು ಎಲ್ಲ ಕಡೆಯ ರೂಢಿ. ಒಂದು ಸೈಜಿಗೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಅಗಲದ ತೊಂದರೆ ಅರ್ಧ ತೀರಿ, ಹಿಮ್ಮಡಿ ಮಾತ್ರ ಪ್ರತಿ ಹೆಜ್ಜೆಗೂ ಮೇಲೇಳುತ್ತಾ ಬೊಬ್ಬೆ ಬರಿಸುತ್ತದೆ, ಬೂಟು ಮಡಚುವ ಗೆರೆ ಬೆರಳು ಮಡಚುವ ಗೆರೆಗಿಂತ ಮುಂದೆ ಸರಿಯುತ್ತದೆ. ಇದಕ್ಕೆ ಸರಿಯಾದ ಪರಿಹಾರ ಅಗಲವಾದ ಪಾದದಚ್ಚಿನ ಮೇಲೆ ಕಟ್ಟಿದ ಬೂಟನ್ನು ಹುಡುಕುವುದೇ ಹೊರತು ಉದ್ದವನ್ನು ಹೆಚ್ಚಿಸುವುದಲ್ಲ. ತಯಾರಕರನ್ನು ಕೇಳಿದರೆ ಅಗಲದ ಮಾದರಿ ಸಿಗುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಅಳತೆ ತೆಗೆಯುವುದು ಪಾಳಿ ಮುಗಿದ ಮೇಲೆ, ಪಾದ ತುಸು ಊದಿಕೊಂಡಿರುವಾಗ, ಕೆಲಸದ ಕಾಲುಚೀಲ ತೊಟ್ಟೇ. ರಟ್ಟಿನ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿಸಿ, ಪೆನ್ಸಿಲನ್ನು ನೇರ ಹಿಡಿದು ಎರಡೂ ಪಾದಗಳ ಗೆರೆ ಎಳೆದು, ದೊಡ್ಡದಾದ ಪಾದಕ್ಕೆ ಬೂಟು ಆರಿಸುತ್ತೇನೆ. ಮಾದರಿ ಬೂಟನ್ನು ತೊಡಿಸಿದ ಮೇಲೆ ನಡೆದು ತೋರಿಸಲು ಹೇಳುವುದಕ್ಕಿಂತ, ಕುಕ್ಕರುಗಾಲಲ್ಲಿ ಕೂರಲು ಹೇಳುವುದು ಹೆಚ್ಚು ಉಪಯುಕ್ತ. ನೆಲದ ಮೇಲೆ ಅಚ್ಚು ಕಟ್ಟುವವನು ದಿನದ ಬಹುಪಾಲು ಹಿಮ್ಮಡಿ ಎತ್ತಿ, ಬೆರಳುಗಳ ಬುಡದ ಮೇಲೆ ಭಾರ ಹಾಕಿ ಕೂತಿರುತ್ತಾನೆ. ಆ ಭಂಗಿಯಲ್ಲಿ ಚರ್ಮ ಒಳಮುಖವಾಗಿ ಮಡಚಿ, ಟೋ ಕ್ಯಾಪಿನ ಹಿಂದಂಚು ಕಿರುಬೆರಳಿನ ಗೆಣ್ಣಿನ ಮೇಲೆ ಒತ್ತಲು ಶುರುಮಾಡುತ್ತದೆ. ನಿಂತಾಗ ಇದು ಗೊತ್ತೇ ಆಗುವುದಿಲ್ಲ. ಐದು ನಿಮಿಷ ಹಾಗೆ ಕೂರಿಸಿ, ಬೂಟು ಬಿಚ್ಚಿಸಿ, ಪಾದದ ಮೇಲೆ ಕೆಂಪು ಗೆರೆ ಮೂಡಿದೆಯೇ ಎಂದು ನೋಡಿದರೆ ತೀರ್ಮಾನಕ್ಕೆ ಅಷ್ಟು ಸಾಕು. ಕ್ಯಾಪಿನ ಹಿಂದಂಚಿಗೆ ರಬ್ಬರು ಪಟ್ಟಿ ಕೂರಿಸಿದ ಬೂಟುಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿ ನಿಲ್ಲುತ್ತವೆ. ಮೊಳೆ ತೂರದಂತೆ ಅಟ್ಟೆಯೊಳಗೆ ಹಾಕುವ ಉಕ್ಕಿನ ಹಾಳೆಯ ಬದಲು ನೇಯ್ದ ಹಾಳೆ ಇರುವ ಬೂಟನ್ನು ಕೂತು ದುಡಿಯುವವರಿಗೆ ಕೊಡಲು ಕಾರಣವೂ ಇದೇ: ಅದು ಬಾಗುತ್ತದೆ. ತೀರಾ ಚೂಪಾದ ಮೊಳೆಗೆ ಉಕ್ಕಿನ ಹಾಳೆಯೇ ಮೇಲೆಂಬುದರಿಂದ, ಗುಜರಿ ಅಂಗಳದವರಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.

ಎರಕದೊಳಗಿನ ಟೊಳ್ಳಿಗೆ ಮರಳಿನ ತಿರುಳು ಮಾಡುವ ಕೋರ್ ವಿಭಾಗದ ಹೆಣ್ಣುಮಕ್ಕಳಿಗೆ ಗಂಡಸರ ಐದನೇ ಸೈಜನ್ನು ಕೊಟ್ಟು, ಮುಂದೆ ಹತ್ತಿ ತುರುಕಿಸುವ ಪರಿಪಾಠ ಅನೇಕ ಕಡೆ ಇದೆ. ಅದು ಬೂಟು ಕೊಟ್ಟಂತೆ ಆಗುವುದಿಲ್ಲ. ಹೆಂಗಸರ ಅಚ್ಚಿನ ಮೂರು, ನಾಲ್ಕನೇ ಸೈಜಿನ ಬೂಟುಗಳು ಮೊದಲೇ ಬೇಡಿಕೆ ಕಳಿಸಿದರೆ ಬರುತ್ತವೆ, ಕಾಯಬೇಕಾಗುತ್ತದೆ ಅಷ್ಟೆ.

ಹೆಚ್ಚು ರಿಯಾಯಿತಿ ಸಿಗುತ್ತದೆಂದು ವರ್ಷಗಳಿಗಾಗುವಷ್ಟು ಬೂಟನ್ನು ಒಮ್ಮೆಲೇ ತರಿಸಿ ಗೋದಾಮಿನಲ್ಲಿ ಇಡುವುದನ್ನೂ ನಿಲ್ಲಿಸಿದ್ದೇವೆ. ಪಿಯು ಗಾಳಿಯ ತೇವವನ್ನು ಹೀರಿ, ಬಳಸದೆ ಇಟ್ಟರೂ ನಿಧಾನವಾಗಿ ಒಡೆಯುವ ವಸ್ತು. ಬೆಳಗಾವಿಯ ಮಳೆಗಾಲಗಳನ್ನು ಪೆಟ್ಟಿಗೆಯಲ್ಲೇ ಕಳೆದ ಹೊಸ ಬೂಟಿನ ಅಟ್ಟೆ, ತೊಟ್ಟ ವಾರದಲ್ಲೇ ಪುಡಿಯಾಗಿ ಉದುರಬಹುದು. ಬೂಟಿನ ಮೇಲೆ ತಯಾರಾದ ವರ್ಷ ಮತ್ತು ತ್ರೈಮಾಸಿಕವನ್ನು ನಮೂದಿಸುವುದು ಮಾನಕದಲ್ಲೇ ಇರುವ ನಿಯಮ. ಸರಕು ಬಂದ ದಿನ ನಾನು ಮೊದಲು ಓದುವುದು ಅದನ್ನು, ಹಳೆಯದಾಗಿದ್ದರೆ ಪೆಟ್ಟಿಗೆ ಇಳಿಸಿಕೊಳ್ಳುವುದಿಲ್ಲ.

ಆರೈಕೆಯಲ್ಲಿ ಹೇಳಬೇಕಾದ್ದು ಎರಡೇ. ಚರ್ಮ ಮೆತ್ತಗಾಗಲೆಂದು ಎಣ್ಣೆ ಕುಡಿಸುವ ಹಳೆಯ ಅಭ್ಯಾಸ ಹೊಲದ ಬೂಟಿಗೆ ಸರಿ, ಕುಲುಮೆಯ ಮುಂದೆ ಎಣ್ಣೆ ಹೀರಿದ ಚರ್ಮ ಹೊತ್ತಿಕೊಳ್ಳುವ ಸರಕು. ತೆಳುವಾಗಿ ಮೇಣದ ಪಾಲಿಷ್ ಸಾಕು. ಮಳೆಯಲ್ಲಿ ನೆನೆದ ಬೂಟನ್ನು ಕೋರ್ ಓವನ್ನಿನ ಪಕ್ಕ ಇಟ್ಟು ಒಣಗಿಸುವುದು ಬೇಡವೇ ಬೇಡ, ಚರ್ಮ ಸೆಟೆದು ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುಂಬಿ, ಅಟ್ಟೆಯನ್ನು ಗೋಡೆಗೆ ಒರಗಿಸಿ ಗಾಳಿಗಿಟ್ಟು, ಅಂದು ಇನ್ನೊಂದು ಜೋಡಿಯನ್ನು ತೊಡಬೇಕು. ಒಬ್ಬರಿಗೆ ಎರಡು ಜೋಡಿ ಕೊಟ್ಟು ದಿನ ಬಿಟ್ಟು ದಿನ ತೊಡಿಸಿದರೆ, ಒಂದಾದ ಮೇಲೊಂದರಂತೆ ಕೊಟ್ಟ ಎರಡು ಜೋಡಿಗಿಂತ ಅವು ಹೆಚ್ಚು ಕಾಲ ಬರುತ್ತವೆ, ಏಕೆಂದರೆ ಬೆವರು ಪೂರ್ತಿ ಆರಲು ಒಂದು ರಾತ್ರಿ ಸಾಲದು.

ಕ್ಯಾಪಿನ ಮೇಲೆ ಎರಕದ ತುಂಡು ಬಿದ್ದ ಬೂಟನ್ನು, ಹೊರಗೆ ಗುರುತೇ ಕಾಣದಿದ್ದರೂ, ಅಂದೇ ಬದಲಿಸುತ್ತೇವೆ. ಒಮ್ಮೆ ಬಗ್ಗಿದ ಕ್ಯಾಪು ಎರಡನೇ ಹೊಡೆತಕ್ಕೆ ಎಷ್ಟು ತಾಳುತ್ತದೆಂದು ಯಾರೂ ಹೇಳಲಾರರು. ಹಾಗೆ ತೆಗೆದ ಜೋಡಿಯ ನಾಲಗೆಯನ್ನು ಕತ್ತರಿಸಿಯೇ ಗುಜರಿಗೆ ಕಳಿಸುತ್ತೇನೆ, ಇಲ್ಲವಾದರೆ ಶನಿವಾರದ ಸಂತೆಯಲ್ಲಿ ಪಾಲಿಷ್ ಕಂಡು, ಸೋಮವಾರ ಯಾವನೋ ದಿನಗೂಲಿಯವನ ಕಾಲಿನಲ್ಲಿ ಅದು ಗೇಟಿನೊಳಕ್ಕೆ ಬಂದಿರುತ್ತದೆ.