ದಾಮೋದರದ ಕೆಂಪು ಜೇಡಿಯಲ್ಲಿ ಸಿಕ್ಕ ಕುತ್ತಿಗೆಯ ಮಣಿ

ನಾನು ಧಾರವಾಡದವನು. ನಮ್ಮ ಸುತ್ತಲಿನ ಕಲ್ಲುಗಳಲ್ಲಿ ಎಲುಬು ಹುಡುಕುವ ಮಾತೇ ಇಲ್ಲ. ಅವು 250 ಕೋಟಿ ವರ್ಷಕ್ಕಿಂತ ಹಳೆಯವು, ಆಗ ಬೆನ್ನೆಲುಬಿನ ಪ್ರಾಣಿಯೇ ಹುಟ್ಟಿರಲಿಲ್ಲ. ಎಲುಬಿಗಾಗಿ ನಾನು ಹೋದದ್ದು ಪಶ್ಚಿಮ ಬಂಗಾಳಕ್ಕೆ, ದಾಮೋದರ ಕಣಿವೆಗೆ.

ಅಲ್ಲಿ ರಾಣಿಗಂಜ್ ಕಲ್ಲಿದ್ದಲ ಪದರಗಳ ಮೇಲೆ ಪಂಚೇತ್ ಶಿಲಾಪದರ ಕೂತಿದೆ. ಕೆಳಗೆಲ್ಲ ಕಪ್ಪು. ಮೇಲೆ ಬರುತ್ತ ಹಸಿರು ಛಾಯೆಯ ಕಲ್ಲು, ಆಮೇಲೆ ಕೆಂಪು ಜೇಡಿ. ಸುಮಾರು 25.2 ಕೋಟಿ ವರ್ಷದ ಹಿಂದೆ ಸೈಬೀರಿಯಾದಲ್ಲಿ ಲಾವಾ ಉಕ್ಕಿ ಜಗತ್ತು ಕಾದಾಗ ಬಹುಪಾಲು ಜೀವಿಗಳು ಅಳಿದವು, ಗ್ಲಾಸಾಪ್ಟೆರಿಸ್ ಎಂಬ ಮರಗಳ ಕಾಡುಗಳೂ ಹೋದವು. ಕಾಡೇ ಇಲ್ಲದ ಮೇಲೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ಆ ಬಣ್ಣದ ಗೆರೆಯ ಮೇಲೆ ಮೊದಲ ಸಲ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಹುಡುಕುವುದೆಂದರೆ ಅಗೆಯುವುದಲ್ಲ, ನಡೆಯುವುದು. ಮಳೆ ಕೊರೆದ ಕೊರಕಲುಗಳಲ್ಲಿ ಬೆಳಗಿನ ಓರೆಬಿಸಿಲಿರುವಾಗ ಬಗ್ಗಿಕೊಂಡು ನಡೆಯಬೇಕು. ಸುಣ್ಣದ ಗಂಟುಗಳೂ ಎಲುಬಿನ ಚೂರುಗಳೂ ದೂರದಿಂದ ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಒಡೆದ ಮಗ್ಗುಲನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ಎಲುಬಾದರೆ ಒಳಗೆ ಸ್ಪಂಜಿನಂಥ ಸಣ್ಣ ರಂಧ್ರಗಳಿರುತ್ತವೆ. ನಾಲಿಗೆಗೆ ತಾಗಿಸಿದರೆ ಹಲವು ಸಲ ಅಂಟಿಕೊಳ್ಳುವುದೂ ಉಂಟು.

ಇಲ್ಲಿ ಹೆಚ್ಚಾಗಿ ಸಿಗುವುದು ಲಿಸ್ಟ್ರೊಸಾರಸ್. ಹೆಸರಿನ ‘ಸಾರಸ್’ ಎಂದರೆ ಗ್ರೀಕಿನಲ್ಲಿ ಹಲ್ಲಿಯಾದರೂ ಅದು ಸರೀಸೃಪವಲ್ಲ, ಸಸ್ತನಿಗಳ ದೂರದ ದಾಯಾದಿ. ದಕ್ಷಿಣ ಆಫ್ರಿಕದಲ್ಲೂ ಅಂಟಾರ್ಕ್ಟಿಕದಲ್ಲೂ ಸಿಕ್ಕು, ಈ ನೆಲಗಳೆಲ್ಲ ಒಂದಾಗಿದ್ದವು ಎಂದು ಸಾಕ್ಷಿ ಹೇಳಿದ ಪ್ರಾಣಿ. ನಿಜವಾದ ಸರೀಸೃಪ ಸಿಗುವುದು ಅಪರೂಪ. ಇಂಗ್ಲೆಂಡಿನ ಜೀವವಿಜ್ಞಾನಿ ಟಿ. ಎಚ್. ಹಕ್ಸ್ಲಿ 1865ರಲ್ಲಿ ಇಲ್ಲಿ ಸಿಕ್ಕ ಅಂಥದೊಂದು ಸರೀಸೃಪದ ದವಡೆಯ ತುಣುಕನ್ನು ನೋಡಿ ಆಂಕಿಸ್ಟ್ರೊಡಾನ್ ಇಂಡಿಕಸ್ ಎಂದು ಹೆಸರಿಟ್ಟರು.

ಮೂರನೆಯ ದಿನ ನನಗೆ ಹೆಬ್ಬೆರಳಿನಷ್ಟು ಉದ್ದದ ಬೆನ್ನೆಲುಬಿನ ಮಣಿ ಸಿಕ್ಕಿತು. ಸುತ್ತಲಿನ ಜೇಡಿಯನ್ನು ಬ್ರಷ್‌ನಿಂದ ಸರಿಸಿದೆ. ಬಿರುಕಿಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಅಂಟನ್ನು ಹನಿಹನಿಯಾಗಿ ಬಿಟ್ಟೆ. ಒಣಗಿದ ಮೇಲೆ ಒದ್ದೆ ಕಾಗದ ಸುತ್ತಿ, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿತಟ್ಟಿನ ಪಟ್ಟಿ ಹಾಕಿದೆ. ಒದ್ದೆ ಕಾಗದ ಮರೆತರೆ ಪ್ಲಾಸ್ಟರು ಎಲುಬನ್ನೇ ಕಚ್ಚಿಕೊಳ್ಳುತ್ತದೆ. ಅದು ಗಟ್ಟಿಯಾಗುವ ತನಕ ದನ ಮೇಯಿಸುತ್ತಿದ್ದ ಅಜ್ಜ ಪಕ್ಕದಲ್ಲೇ ಕೂತು ತನ್ನ ಬುತ್ತಿಯ ಮುಡಿ ಕೊಟ್ಟರು. ನಮ್ಮ ಕಡೆಯ ಚುರುಮುರಿಯೇ ಅದು.

ಅದೇ ಸಂಜೆ ಒಂದು ತಪ್ಪು ಮಾಡಿದೆ. ಕೊರಕಲಿನ ಬುಡದಲ್ಲಿ ಬಿದ್ದಿದ್ದ ಬಾಗಿದ, ಚಪ್ಪಟೆ ಹಲ್ಲೊಂದನ್ನು ಕಂಡು, ಕತ್ತಲಾಗುವ ಆತುರದಲ್ಲಿ ಜಾಗ ಬರೆದುಕೊಳ್ಳದೆ ಚೀಲಕ್ಕೆ ಹಾಕಿಕೊಂಡೆ. ಯಾವ ಪದರದಿಂದ ಉದುರಿದ್ದೆಂದು ಆಮೇಲೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಂಚಿನಲ್ಲಿ ಗರಗಸದಂಥ ಕಚ್ಚುಗಳಿದ್ದ ಹಲ್ಲು ಅದು. ಇವತ್ತಿಗೂ ಅದನ್ನು ಯಾವ ಲೆಕ್ಕಕ್ಕೂ ಹಿಡಿಯಲಾಗಿಲ್ಲ. ಅಂದಿನಿಂದ ಮೊದಲು ನೋಟ್‌ಬುಕ್, ಆಮೇಲೆ ಕೈ.

ಮಣಿಯನ್ನು ಶುಚಿ ಮಾಡಲು ಸೂಜಿ ಹಿಡಿದು ಹನ್ನೊಂದು ದಿನ ಕೂತೆ. ಲಿಸ್ಟ್ರೊಸಾರಸ್ ಇರಬಹುದೆಂದೇ ನಂಬಿದ್ದೆ. ಅದರ ಮಣಿ ಗಿಡ್ಡ, ಗುಂಡು. ಇದು ಉದ್ದ, ಮುಂದಿನ ಮುಖ ಹಿಂದಿನದಕ್ಕಿಂತ ಮೇಲಿದೆ, ಮಗ್ಗುಲಿಂದ ಓರೆಯಾಗಿ ಕಾಣುತ್ತದೆ. ಮೇಲಿಂದ ಕೆಳಗೆ ತೆಳ್ಳನೆಯ ಏಣುಗಳು ಇಳಿದಿವೆ. ಮೇಲೆತ್ತಿ ಹಿಡಿದ ಕುತ್ತಿಗೆಯ ಮಣಿ. ಮೇಲ್ದವಡೆಯ ತುದಿ ಕೊಕ್ಕೆಯಂತೆ ಕೆಳಗೆ ಬಾಗಿರುವ, ಮೊಸಳೆಯಂಥ ಬೇಟೆಗಾರ ಪ್ರೊಟೆರೊಸೂಕಿಡ್‌ಗಳಿಗೆ ಇದು ಹೊಂದುತ್ತದೆ. ಮೊಸಳೆ, ಡೈನೋಸಾರ್, ಹಕ್ಕಿಗಳ ದೊಡ್ಡ ಬಳಗಕ್ಕೆ ಹತ್ತಿರದ ನೆಂಟರು ಇವರು.

2023ರಲ್ಲಿ ಇದೇ ಪಂಚೇತ್‌ನ ಪ್ರೊಟೆರೊಸೂಕಿಡ್ ಒಂದಕ್ಕೆ ಸಂಸಾರಸೂಕಸ್ ಪಮೇಲೇ ಎಂದು ಹೆಸರಿಟ್ಟರು. ಇಲ್ಲಿ ಸಂಸಾರವೆಂದರೆ ಮನೆಮಂದಿಯಲ್ಲ, ಹುಟ್ಟುಸಾವಿನ ಚಕ್ರ: ಅಳಿದ ಮೇಲೆ ಮತ್ತೆ ಚಿಗುರಿದ ಜೀವ. ಪಮೇಲೇ ಎನ್ನುವುದು ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಪಳೆಯುಳಿಕೆ ಅಧ್ಯಯನಕ್ಕೆ ಅಡಿಪಾಯ ಹಾಕಿದ ಪಮೇಲಾ ರಾಬಿನ್ಸನ್ ಅವರ ನೆನಪಿಗೆ. ನನ್ನ ಮಣಿ ಆ ಜಾತಿಯದೇ ಎಂದು ಹೇಳಲು ಒಂದೇ ಮಣಿ ಸಾಲದು. ಎರಡು ಮಳೆಗಾಲ ಕಳೆದು ಅದೇ ಕೊರಕಲಿಗೆ ಹೋದೆ. ದಂಡೆ ಒಂದು ಗೇಣು ಕುಸಿದಿತ್ತು, ಹೊಸ ಜೇಡಿಯ ಮುಖದಲ್ಲಿ ಬೂದುಬಿಳಿ ಅಂಚೊಂದು ಇಣುಕುತ್ತಿತ್ತು. ನೋಟ್‌ಬುಕ್ ತೆಗೆದೆ.