ನಿಷೇಧಗಳನ್ನು ಖಾಮಕ್‌ನಲ್ಲಿ ಹೊಲಿದೆವು

ಅಫ್ಘಾನ್ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಏನಾದರೂ ಹೊಲಿಯೋಣ ಅಂತ ಕೂತವರಿಗೆ ಮೊದಲು ಹೊಳೆಯುವುದು ನೀಲಿ ಬುರ್ಖಾ. ಅದು ಬೇಡ ಅಂತ ನಾನು ಶುರುವಿನಲ್ಲೇ ತೀರ್ಮಾನಿಸಿದ್ದೆ. ಆ ಚಿತ್ರ ನೋಡಿದವರು 'ಅಯ್ಯೋ ಪಾಪ' ಅಂದು ಮುಂದೆ ಹೋಗ್ತಾರೆ. ಏನನ್ನು ಕಿತ್ತುಕೊಂಡರು, ಯಾವತ್ತು ಕಿತ್ತುಕೊಂಡರು, ಅದು ಬಟ್ಟೆಯ ಮೇಲೆ ಬರಬೇಕಿತ್ತು.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಕನ್ನಡದವರೂ ಇದ್ದೇವೆ, ಅಫ್ಘಾನರೂ ತುಂಬಾ ಇದ್ದಾರೆ. ಸೆಂಟರ್‌ವಿಲ್ ಕಡೆಗೆ 'ಲಿಟಲ್ ಕಾಬೂಲ್' ಅಂತಲೇ ಹೆಸರು. ನನ್ನದು ಧಾರವಾಡದ ಕಸೂತಿ, ಅಜ್ಜಿಯಿಂದ ಕಲಿತದ್ದು. ನನ್ನ ಜೊತೆ ಕೂತು ಹೊಲಿದವರು ಕಂದಹಾರ್‌ನವರು, ನಾವೆಲ್ಲ ಅವರನ್ನು ಖಾಲಾ ಜಾನ್, ಅಂದರೆ ಪ್ರೀತಿಯ ಚಿಕ್ಕಮ್ಮ, ಅನ್ನುತ್ತೇವೆ. ಅವರ ಕೈಯಲ್ಲಿರುವುದು ಖಾಮಕ್. ರೇಷ್ಮೆ ದಾರದಲ್ಲಿ, ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸುತ್ತಾ ಹಾಕುವ ಸಣ್ಣ ಸಣ್ಣ ಚೌಕ, ತ್ರಿಕೋನ. ಕಸೂತಿಯೂ ಎಳೆ ಎಣಿಸಿಯೇ ಹಾಕುವುದಲ್ವಾ, ಹಾಗಾಗಿ ಮಾತು ಅಷ್ಟಕ್ಕಷ್ಟೇ ಆದರೂ ಕೆಲಸ ನಿಲ್ಲಲಿಲ್ಲ.

ಖಾಮಕ್ ಹೆಚ್ಚಾಗಿ ಗಂಡಸರ ಶಾಲಿನ ಮೇಲೆ, ಅಂಗಿಯ ಎದೆಯ ಮೇಲೆ ಇರುತ್ತದೆ. ಹಾಕುವವರು ಹೆಂಗಸರು. ಈಗ ಹೆಣ್ಣುಮಕ್ಕಳ ಮೇಲಿನ ಆದೇಶಗಳು ಹೊರಡುವುದೂ ಅದೇ ಕಂದಹಾರ್‌ನಿಂದ, ತಾಲಿಬಾನಿನ ಮುಖ್ಯ ನಾಯಕ ಇರುವುದು ಅಲ್ಲೇ. ಹಾಗಾದರೆ ಆ ಆದೇಶಗಳನ್ನು ಅದೇ ಊರಿನ ಹೆಂಗಸರ ಹೊಲಿಗೆಯಲ್ಲೇ ಬರೆಯೋಣ ಅಂದವರು ಖಾಲಾ ಜಾನ್. ಇಡೀ ಬಟ್ಟೆ ನಿಂತಿರುವುದು ಆ ಒಂದು ಮಾತಿನ ಮೇಲೆ.

ಪಂಚೆಯಷ್ಟು ಉದ್ದದ ಕೋರಾ ಹತ್ತಿ ಬಟ್ಟೆ ತಂದೆವು. ಎಳೆ ಕಣ್ಣಿಗೆ ಕಾಣುವಂಥ ನೇಯ್ಗೆಯೇ ಆಗಬೇಕು, ಇಲ್ಲದಿದ್ದರೆ ಎಣಿಸಲಾಗುವುದಿಲ್ಲ. ಮೇಲಿಂದ ಕೆಳಗೆ ದಿನಾಂಕಗಳು. 2021ರ ಆಗಸ್ಟ್ 15, ಕಾಬೂಲ್ ತಾಲಿಬಾನ್ ಕೈಗೆ ಹೋದ ದಿನ. 2022ರ ಮಾರ್ಚ್ 23, ಹೈಸ್ಕೂಲು ತೆರೆಯುತ್ತದೆ ಅಂತ ನಂಬಿ ಬೆಳಿಗ್ಗೆ ಹೋದ ಹುಡುಗಿಯರನ್ನು ಕೆಲವೇ ಗಂಟೆಯಲ್ಲಿ ಮನೆಗೆ ವಾಪಸ್ ಕಳಿಸಿದ ದಿನ. ಆ ವರ್ಷದ ಡಿಸೆಂಬರಿನಲ್ಲಿ ಯೂನಿವರ್ಸಿಟಿಯೂ ಬಂದ್. 2023ರ ಜುಲೈನಲ್ಲಿ ಬ್ಯೂಟಿ ಪಾರ್ಲರ್‌ಗಳು. 2024ರ ಆಗಸ್ಟಿನ ಕಾನೂನಿನಲ್ಲಿ ಹೆಣ್ಣಿನ ದನಿಯೂ ಹೊರಗೆ ಕೇಳಿಸಬಾರದು ಅಂತ ಬಂತು. ಡಿಸೆಂಬರಿನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಯನ್ನೂ ನಿಲ್ಲಿಸಿದರು. ಹೆರಿಗೆ ಮಾಡಿಸಲು ಹೆಣ್ಣೇ ಬೇಕು ಅನ್ನುವ ನಾಡಿನಲ್ಲಿ ಹೆಣ್ಣು ಕಲಿಯುವುದನ್ನೇ ತಡೆದರೆ ಬಾಣಂತಿಯರ ಗತಿಯೇನು? ಈ ಸಾಲು ಹೊಲಿಯುವಾಗ ನನಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ.

ನಡುವಿನಲ್ಲಿ 'ನಾನ್, ಕಾರ್, ಆಜಾದಿ'. ರೊಟ್ಟಿ, ಕೆಲಸ, ಸ್ವಾತಂತ್ರ್ಯ. ಕಾಬೂಲಿನ ಬೀದಿಗಿಳಿದ ಹೆಂಗಸರು ಕೂಗಿದ್ದು ಇದನ್ನೇ. ಇದನ್ನು ನಾನು ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಹಾಕಿದೆ. ತೊಂದರೆ ಏನೆಂದರೆ ಅವರ ದರಿ ಭಾಷೆಯ ಅಕ್ಷರಗಳು ಬಳುಕುತ್ತವೆ, ಗವಂತಿ ಹೋಗುವುದು ನೇರ ಅಥವಾ ಓರೆ ಮಾತ್ರ. ಅಫ್ಘಾನಿಸ್ತಾನದ ಹೆರಾತ್ ಊರಿನ ಜಾಮಿ ಮಸೀದಿಯ ಗೋಡೆಯ ಟೈಲ್ ಕೆಲಸದಲ್ಲಿ ಚೌಕಾಕಾರದ ಕೂಫಿ ಬರಹವಿದೆ, ಅದು ಅರಬ್ಬಿ ಅಕ್ಷರಗಳನ್ನು ನೇರ ಗೆರೆಗಳಲ್ಲಿ ಬರೆಯುವ ಶೈಲಿ. ಆ ರೀತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಅಕ್ಷರ ಕೂಡಿಸಿಕೊಂಡೆ, ಒಂದು ಮನೆಗೆ ನಾಲ್ಕು ಎಳೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟು ಹಾಕುವ ಹಾಗಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ತೂರಿಸಬೇಕು. ಹಿಂಬದಿಯೂ ಅಷ್ಟೇ ಚೊಕ್ಕ, ಅಕ್ಷರ ಮಾತ್ರ ತಿರುವುಮುರುವು. ಅದಕ್ಕೇ ಗೋಡೆಗೆ ಅಂಟಿಸದೆ, ಜನ ಸುತ್ತ ಬಂದು ನೋಡುವ ಹಾಗೆ ತೂಗುಹಾಕುತ್ತೇವೆ.

ಹೆಸರು ಮಾತ್ರ ಯಾರದ್ದೂ ಹಾಕಿಲ್ಲ. ಹೊಲಿದವರ ಬಂಧುಗಳು ಇನ್ನೂ ಅಫ್ಘಾನಿಸ್ತಾನದಲ್ಲೇ ಇದ್ದಾರೆ. ಫೋಟೋದಲ್ಲಿ ಮುಖ ಬರದ ಹಾಗೆಯೂ ನೋಡಿಕೊಳ್ಳುತ್ತೇವೆ.

ಇಂಥ ಕೆಲಸ ಮಾಡಹೊರಟವರಿಗೆ ಒಂದು ಮಾತು. ಅಫ್ಘಾನ್ ಹೆಂಗಸರನ್ನು ಸುಮ್ನೆ ಮಾದರಿ ತೋರಿಸಿ ಅಂತ ಕರೆಯಬೇಡಿ. ಬಟ್ಟೆಯ ಮೇಲೆ ಏನಿರಬೇಕು ಅಂತ ಅವರೇ ಹೇಳಲಿ, ಹೊಲಿದ ಗಂಟೆಗೆ ಸರಿಯಾದ ಕೂಲಿ ಕೊಡಿ. ಈ ಬಟ್ಟೆಯನ್ನು ತೂಗುಹಾಕಲು ಯಾರಾದರೂ ದುಡ್ಡು ಕೊಟ್ಟರೆ ಮೊದಲು ಅವರ ಕೂಲಿ, ಉಳಿದದ್ದು ಅಲ್ಲಿನ ಹುಡುಗಿಯರ ಆನ್‌ಲೈನ್ ಪಾಠಕ್ಕೆ.